ಡಬ್ಬದ ಮೇಲೆ 150, ಮಗು ಕುಡಿಯುವುದು 70: ಒಂಬತ್ತು ವಾರದ ಮಗುವಿನ ಪ್ರಕರಣ

(ಕುಟುಂಬದ ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ಸಲಹೆ ಕೇಳಿ ಬಂದವರು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವರು. ಬಾಣಂತಿ ಮಗಳು, ಜೊತೆಗೆ ಅವಳ ಅಮ್ಮ, ಮಡಿಲಲ್ಲಿ ಒಂಬತ್ತು ವಾರದ ಹೆಣ್ಣು ಮಗು. ಗಂಡ ಗಲ್ಫಿನಲ್ಲಿ. ಸಿಸೇರಿಯನ್ ಹೆರಿಗೆ, ಹುಟ್ಟಿದಾಗ ಮಗುವಿನ ತೂಕ 2.8 ಕಿಲೊ. ಎರಡನೆಯ ದಿನವೇ ಹಾಲಿನ ಹುಡಿ ಶುರುವಾಗಿದೆ. ಈಗ ನಸುಕಿಗೆ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ ಎದೆಹಾಲು, ಉಳಿದ ಹೊತ್ತೆಲ್ಲ ಬಾಟಲಿ.

ಅಜ್ಜಿಯ ದೂರು ನೇರವಾಗಿತ್ತು: "ಹೊಟ್ಟೆಗೆ ಹೋಗುವುದೇ ಇಲ್ಲ ಮೇಡಂ. ಡಬ್ಬದಲ್ಲಿ ನೂರೈವತ್ತು ಅಂತ ಉಂಟು. ಇವಳು ಎಪ್ಪತ್ತು ಕುಡಿದು ಮುಖ ತಿರುಗಿಸ್ತಾಳೆ. ಬಾಟಲಿ ಕಂಡರೇ ಕೂಗ್ತಾಳೆ. ನಿದ್ರೆಯಲ್ಲಿ ಕೊಟ್ಟರೆ ಮಾತ್ರ ಇಳೀತದೆ." ತಾಯಿ ಹೆಚ್ಚು ಮಾತಾಡಲಿಲ್ಲ. ಗಂಡ ದಿನಕ್ಕೆ ಎರಡು ಸಲ ವಿಡಿಯೊ ಕಾಲ್ ಮಾಡುತ್ತಾನೆ, ಮೊದಲು ಕೇಳುವುದೇ "ಇವತ್ತು ಎಷ್ಟು ಕುಡಿದಳು?" ಎಂದು, ಹೇಳಲು ನಾಚಿಕೆಯಾಗಿ ಎರಡು ದಿನ ಸುಳ್ಳು ಲೆಕ್ಕ ಹೇಳಿದೆ ಎಂದಳು.

ಇಂಥ ದೂರು ಬಂದಾಗ ಬಾಟಲಿಯ ಕಡೆ ನೋಡುವ ಮೊದಲು ಮಗುವಿನ ಕಡೆ ನೋಡಬೇಕು. ಮಗುವಿನ ತೂಕ, ಚುಚ್ಚುಮದ್ದು ಬರೆದಿಡುವ ಕಾರ್ಡಿನಲ್ಲಿದ್ದ ಲೆಕ್ಕ ಹೀಗಿತ್ತು: ಎರಡು ವಾರಕ್ಕೆ 2.9, ಆರು ವಾರದ ಚುಚ್ಚುಮದ್ದಿನ ದಿನ 3.8, ಈಗ 4.4 ಕಿಲೊ. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕದಲ್ಲಿ ಇಳಿಯುತ್ತದೆ. ಹತ್ತು ಶೇಕಡದೊಳಗಿನ ಇಳಿತವಾದರೆ ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ವಾಪಸು ಬರುತ್ತದೆ. ಆಮೇಲೆ ಮೊದಲ ಮೂರು ತಿಂಗಳು ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಕಳೆದ ಮೂರು ವಾರದಲ್ಲಿ ಈ ಮಗು 600 ಗ್ರಾಂ ಏರಿದೆ, ಅಂದರೆ ದಿನಕ್ಕೆ 28ರಷ್ಟು. ಕಾರ್ಡಿನ ಬೆಳವಣಿಗೆಯ ಗೆರೆಗಳಲ್ಲಿ ಹುಟ್ಟಿದಾಗ ಯಾವ ಗೆರೆಯ ಹತ್ತಿರ ಇತ್ತೋ ಈಗಲೂ ಅದರ ಹತ್ತಿರವೇ ಇದೆ. ದಿನಕ್ಕೆ ಏಳೆಂಟು ಬಟ್ಟೆ ಒದ್ದೆಯಾಗುತ್ತದೆ, ಮೂತ್ರ ತಿಳಿಬಣ್ಣ. ಕಣ್ಣು ಬಿಟ್ಟು ಆಡುತ್ತದೆ, ಮಾತಾಡಿಸಿದರೆ ನಗುತ್ತದೆ.

ಹೊಟ್ಟೆಗೆ ಹೋಗದ ಮಗು ಹೀಗಿರುವುದಿಲ್ಲ. ತಾಯಿಗೆ ಕಾರ್ಡಿನ ಗೆರೆ ಏನು ಹೇಳುತ್ತದೆಂದು ಯಾರೂ ವಿವರಿಸಿರಲಿಲ್ಲ. ಕಾರ್ಡು ಮಲಯಾಳದಲ್ಲಿ, ಡಬ್ಬದ ಬರಹ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಅಜ್ಜಿಗೆ ಎರಡರಲ್ಲೂ ಓದಲು ಸಿಕ್ಕಿದ್ದು ಅಂಕಿ ಮಾತ್ರ. ಆ ಅಂಕಿಯೇ ಮನೆಯ ಕಾನೂನಾಗಿತ್ತು.

ಮೂರು ದಿನ ಬರೆದಿಡಲು ಹೇಳಿದೆವು: ಎಷ್ಟು ಗಂಟೆಗೆ, ಎಷ್ಟು ಮಿಲಿ ಹೋಯಿತು, ಬಾಟಲಿ ಕಲಸಿದ್ದು ಯಾರು, ಮಗು ಎಚ್ಚರವಿತ್ತೋ ನಿದ್ರೆಯಲ್ಲೋ. ಒಂದು ದಿನದ ಸಾಲು ಇಲ್ಲಿದೆ: 80, 60, 110, 70, 90, 55, 75. ಏಳು ಬಾಟಲಿ, ಒಟ್ಟು 540 ಮಿಲಿ, ಎರಡು ಎದೆಹಾಲು ಬೇರೆ.

ಈ ಪ್ರಾಯದಲ್ಲಿ ಮಗುವಿನ ಬೇಡಿಕೆಯನ್ನು ತೂಕದಿಂದ ಅಂದಾಜು ಮಾಡುತ್ತಾರೆ. ಒಂದು ಕಿಲೊ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ, ಕೆಲವು ಮಕ್ಕಳು 200ರವರೆಗೂ ಹೋಗುತ್ತಾರೆ. 4.4 ಕಿಲೊಗೆ 150ರಂತೆ 660 ಮಿಲಿ. ಬಾಟಲಿಯದು 540 ಆದರೆ ಉಳಿದದ್ದು 120. ಎರಡು ಸಲದ ಎದೆಹಾಲಿನಲ್ಲಿ ತಲಾ 60 ಸಿಕ್ಕರೆ ಲೆಕ್ಕ ಸರಿಹೋಯಿತು, ಅಷ್ಟು ಸಿಗುವುದು ಏನೂ ದೊಡ್ಡ ಸಂಗತಿಯಲ್ಲ. ಮನೆಯವರು ಮಾತ್ರ ಎದೆಹಾಲಿಗೆ ಸೊನ್ನೆ ಹಾಕಿದ್ದರು, ಅಳೆಯಲು ಬರುವುದಿಲ್ಲವಲ್ಲ! ಡಬ್ಬದ ಪಟ್ಟಿಯಾದರೋ ಎದೆಹಾಲು ಒಂದು ತೊಟ್ಟೂ ಸಿಗದ, ಸರಾಸರಿ ತೂಕದ ಮಗುವನ್ನು ಎದುರಿಟ್ಟುಕೊಂಡು ಬರೆದದ್ದು. ಅದರಲ್ಲಿ 150 ಮಿಲಿ, ದಿನಕ್ಕೆ ಐದು ಸಲ ಎಂದಿತ್ತು. ಐದು ಎಂಬುದನ್ನು ಬಿಟ್ಟು 150ನ್ನು ಮಾತ್ರ ಹಿಡಿದು ಇವರು ಏಳು ಸಲ ಕುಡಿಸಲು ಹೊರಟರು. 1,050 ಮಿಲಿ! ಎಷ್ಟೇ ದೊಡ್ಡ ಮಗುವಾದರೂ ದಿನಕ್ಕೆ 950 ಮಿಲಿ ದಾಟುತ್ತಿದ್ದರೆ ವೈದ್ಯರಲ್ಲಿ ಕೇಳಬೇಕು ಎನ್ನುವುದು ರೂಢಿ.

ಒಂದು ಸಲಕ್ಕೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇಲ್ಲವೆಂದಲ್ಲ. ಹುಟ್ಟಿದ ಮೊದಲ ದಿನ ಗಿಣ್ಣುಹಾಲು ಒಂದು ಚಮಚದಷ್ಟು, ಐದು-ಏಳು ಮಿಲಿ, ಅಷ್ಟೇ ಸಾಕು. ಬಾಟಲಿ ಕುಡಿಯುವ ಮಗು ಮೊದಲ ವಾರ 30ರಿಂದ 60, ತಿಂಗಳು ತುಂಬುವಾಗ 90ರಿಂದ 120 ಮಿಲಿ ಮೂರು-ನಾಲ್ಕು ಗಂಟೆಗೊಮ್ಮೆ. ಎರಡು ತಿಂಗಳ ಮೇಲೆ 120ರಿಂದ 150. ಆರು ತಿಂಗಳ ಹೊತ್ತಿಗೆ 180ರಿಂದ 240, ಸಲಗಳು ಕಡಿಮೆ. ಇವು ಹಲವು ಮಕ್ಕಳ ಸರಾಸರಿ. ಮೂರು ಗಂಟೆಗೊಮ್ಮೆ 120 ಕುಡಿಯುವ ಮಗುವೂ ಎರಡು ಗಂಟೆಗೊಮ್ಮೆ 75 ಕುಡಿಯುವ ಮಗುವೂ ದಿನದ ಕೊನೆಗೆ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಲ್ಲುತ್ತವೆ. ಒಂದೇ ಮಗು ಬೆಳಿಗ್ಗೆ 110 ಕುಡಿದು ಮಧ್ಯಾಹ್ನ 55ಕ್ಕೆ ಸಾಕು ಎನ್ನುತ್ತದೆ. ದೊಡ್ಡವರೂ ಚಹಾದ ಹೊತ್ತಿಗೆ ಊಟದಷ್ಟು ತಿನ್ನುವುದಿಲ್ಲ.

ಹಾಗಾಗಿ ಮಿಲಿ ನೋಡುವುದಾದರೆ 24 ಗಂಟೆಯ ಒಟ್ಟು ನೋಡಿ, ಅದಕ್ಕಿಂತಲೂ ಮೂರು ದಿನದ ಸರಾಸರಿ ನೋಡಿ ಎಂದೆವು. ಒಂದು ಬಾಟಲಿಯ ಅಂಕಿಗೆ ಅರ್ಥವಿಲ್ಲ.

ಬಾಟಲಿಯೊಳಗೆ ಏನಿತ್ತು

ಇಷ್ಟಕ್ಕೇ ಮುಗಿದಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಆದರೆ ಬರೆದಿಟ್ಟ ಪಟ್ಟಿಯಲ್ಲಿ ಒಂದು ವಿಚಿತ್ರ ಕಂಡಿತು. ಹಗಲು ಅಜ್ಜಿ ಕಲಸಿದ ಬಾಟಲಿ ಆದ ಮೇಲೆ ಮಗು ಬೇಗ ಹಸಿಯುತ್ತಿತ್ತು, ರಾತ್ರಿ ತಾಯಿ ಕಲಸಿದ್ದು ಕುಡಿದ ಮೇಲೆ ಚಡಪಡಿಸಿ ಅಳುತ್ತಿತ್ತು, ಮಲವೂ ಗಟ್ಟಿ. ಇಬ್ಬರನ್ನೂ ನಮ್ಮೆದುರೇ ಕಲಸಲು ಹೇಳಿದೆವು.

ಅಜ್ಜಿ 150ರ ಗೆರೆವರೆಗೆ ನೀರು ತುಂಬಿ ನಾಲ್ಕು ಚಮಚ ಹುಡಿ ಹಾಕಿದರು. ಐದು ಹಾಕಬೇಕಿತ್ತು. "ದಪ್ಪ ಆದರೆ ಜೀರ್ಣ ಆಗ್ಲಿಕ್ಕಿಲ್ಲ" ಎಂಬ ಅಂಜಿಕೆ. ತಾಯಿ ನಿದ್ದೆಗಣ್ಣಿನಲ್ಲಿ ಮಾಡುವಂತೆಯೇ ಮಾಡಿದಳು: ಮೊದಲು ಹುಡಿ, ಅದೂ ಗುಪ್ಪೆ ಚಮಚ ನಾಲ್ಕು, ಆಮೇಲೆ 120ರ ಗೆರೆವರೆಗೆ ನೀರು. ಹುಡಿಗೂ ಜಾಗ ಬೇಕು. ಒಂದು ಚಮಚ ಹುಡಿ ಸುಮಾರು ಮೂರು ಮಿಲಿ ಜಾಗ ಹಿಡಿಯುತ್ತದೆ, ನಾಲ್ಕು ಚಮಚಕ್ಕೆ ಹನ್ನೆರಡು. ನೀರು 120ರ ಬದಲು 108ರಷ್ಟೇ ಬಿದ್ದಿತು, ಮೇಲಿಂದ ಗುಪ್ಪೆಯ ಹೆಚ್ಚುವರಿ. ಹೀಗೆ ಮಗುವಿಗೆ ಹಗಲು ನೀರಹಾಲು, ರಾತ್ರಿ ಗಟ್ಟಿಹಾಲು.

ಎರಡೂ ಅಪಾಯ. ತೆಳುವಾದರೆ ಹೊಟ್ಟೆ ತುಂಬುವುದು ನೀರಿನಿಂದ. ತೂಕ ನಿಲ್ಲುತ್ತದೆ. ತುಂಬಾ ತೆಳುವಾದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಸ್ಮಾರದಂತೆ ಸೆಳೆತ ಬರಬಹುದು. ಗಟ್ಟಿಯಾದರೆ ಎಳೆಯ ಮೂತ್ರಪಿಂಡಗಳಿಗೆ ಹೊರೆ, ಮೈಯ ನೀರು ಆರುತ್ತದೆ, ಮಲಬದ್ಧತೆ. ಅಂಥ ಮಗು ಬಾಯಾರಿ ಅಳುತ್ತದೆ, ಮನೆಯವರು ಹಸಿವೆಂದು ಮತ್ತೆ ಅದೇ ಗಟ್ಟಿಹಾಲು ಹಿಡಿಯುತ್ತಾರೆ. ಈ ಮನೆಯಲ್ಲಿ ರಾತ್ರಿ ಆಗುತ್ತಿದ್ದದ್ದು ಇದೇ.

ಎಷ್ಟು ಕುಡಿಯಬೇಕೆಂಬುದನ್ನು ಮಗು ನೋಡಿಕೊಳ್ಳುತ್ತದೆ, ಹದ ನೋಡಿಕೊಳ್ಳಬೇಕಾದವರು ನಾವು ಎಂದು ಇಬ್ಬರಿಗೂ ಹೇಳಿ, ಕಲಸುವ ಕ್ರಮವನ್ನು ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲು ಕೊಟ್ಟೆವು. ಅದರಲ್ಲಿದ್ದದ್ದು ಹೀಗೆ.

ಕೈ ತೊಳೆಯಿರಿ. ಬಾಟಲಿ, ನಿಪ್ಪಲ್, ಮುಚ್ಚಳ ಬಿಚ್ಚಿ ಬ್ರಷ್ ಹಾಕಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಕುದಿಸಿಟ್ಟಿರಬೇಕು. ಬಾವಿಯ ನೀರನ್ನು ಚೆನ್ನಾಗಿ ಕುದಿಸಿ, ಒಲೆ ಆರಿಸಿದ ಮೇಲೆ ಅರ್ಧ ಗಂಟೆ ಮೀರುವ ಮೊದಲು ಬಳಸಿ. ಪಾತ್ರೆ ಚಿಕ್ಕದಾದರೆ ಇನ್ನೂ ಬೇಗ. ಹುಡಿ ಬೀಳುವಾಗ ನೀರು 70 ಡಿಗ್ರಿಗಿಂತ ಕಡಿಮೆ ಇರಬಾರದು. ಡಬ್ಬದ ಹುಡಿ ರೋಗಾಣುಮುಕ್ತ ಅಲ್ಲ. ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅದರಲ್ಲಿ ಇರಬಹುದು, ಆ ಬಿಸಿಗೆ ಅದು ಸಾಯುತ್ತದೆ. ಮೊದಲು ನೀರು, ಬಾಟಲಿಯನ್ನು ಮೇಜಿನ ಮೇಲಿಟ್ಟು ಕಣ್ಣಿನ ನೇರಕ್ಕೆ ಗೆರೆ ನೋಡಿ. ಆಮೇಲೆ ಪ್ರತಿ 30 ಮಿಲಿ ನೀರಿಗೆ ಒಂದು ಚಮಚ ಹುಡಿ, ಚಾಕುವಿನ ಬೆನ್ನಿನಿಂದ ಮಟ್ಟ ಮಾಡಿ. ಒತ್ತಿ ತುಂಬಬೇಡಿ, ಕುಟ್ಟಬೇಡಿ. ಆ ಡಬ್ಬದ ಚಮಚ ಆ ಡಬ್ಬಕ್ಕೇ. ಬೇರೆ ಕಂಪೆನಿಯದ್ದು ತಂದರೆ ಅದರ ಅಳತೆ ಬೇರೆ ಇರಬಹುದು, ಓದಿಸಿಕೊಂಡು ನೋಡಿ. ಮುಚ್ಚಿ ಕಲಕಿ, ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟು ಆರಿಸಿ, ಮುಂಗೈ ಒಳಭಾಗಕ್ಕೆ ಎರಡು ತೊಟ್ಟು ಬಿಟ್ಟು ಬಿಸಿ ನೋಡಿ ಕೊಡಿ.

ನೀರಿನ ಬಗ್ಗೆ ಒಂದು ಮಾತು ಸೇರಿಸಬೇಕಾಯಿತು. ನಮ್ಮ ಕಡೆ ಅನೇಕ ಮನೆಗಳಲ್ಲಿ ಕುಡಿಯುವ ನೀರಿಗೆ ಜೀರಿಗೆಯೋ ದಾಹಶಮನಿಯೋ (ನೀರನ್ನು ಕೆಂಪಾಗಿಸುವ ಮೂಲಿಕೆ) ಹಾಕಿ ಕುದಿಸಿ ಇಡುತ್ತಾರೆ. ಅಜ್ಜಿ ಆ ಕೆಂಪು ನೀರನ್ನೇ "ಹೊಟ್ಟೆಗೆ ಒಳ್ಳೆಯದು" ಎಂದು ಬಳಸುತ್ತಿದ್ದರು. ದೊಡ್ಡವರಿಗೆ ಅಡ್ಡಿಯಿಲ್ಲ. ಮಗುವಿನ ಹಾಲಿಗೆ ಬರೀ ಕುದಿಸಿದ ನೀರು, ಬೇರೇನೂ ಬೇಡ. ನಡುವೆ ಕುಡಿಸಲು ಪ್ರತ್ಯೇಕ ನೀರು, ಬಜೆ ತೇಯ್ದದ್ದು, ಜೇನು ಕೂಡ ಬೇಡ. ಆರು ತಿಂಗಳವರೆಗೆ ಹಾಲೇ ನೀರು. ಬೇಸಗೆಯ ಸೆಕೆಗೆ ಬಾಯಾರಿದರೆ ಹಾಲನ್ನೇ ಇನ್ನೊಂದು ಸಲ ಕೇಳುತ್ತದೆ.

ಉಳಿದ ಹಾಲಿನ ವಿಷಯವೂ ಇತ್ತು. 150 ಕಲಸಿ 70 ಕುಡಿದರೆ ಉಳಿದ 80ನ್ನು ಅಜ್ಜಿ ಬಿಸಿನೀರಿನಲ್ಲಿಟ್ಟು ಎರಡು ಗಂಟೆ ಬಿಟ್ಟು ಕೊಡುತ್ತಿದ್ದರು. ಹುಡಿಗೆ ಕ್ರಯ ಎಷ್ಟು ಎಂದು ನೋಡಿದರೆ ಚೆಲ್ಲಲು ಮನಸ್ಸು ಬಾರದ್ದು ಸಹಜವೇ. ಆದರೆ ನಿಪ್ಪಲಿನ ಮೂಲಕ ಮಗುವಿನ ಎಂಜಲು ಒಳಗೆ ಹೋಗಿರುತ್ತದೆ, ಹಾಲು ಉಗುರುಬೆಚ್ಚಗಿರುತ್ತದೆ, ರೋಗಾಣುವಿಗೆ ಇದಕ್ಕಿಂತ ಹದವಾದ ಜಾಗವಿಲ್ಲ. ಕುಡಿಯಲು ಶುರುಮಾಡಿ ಒಂದು ಗಂಟೆ ಆದರೆ ಚೆಲ್ಲಬೇಕು. ಬಾಯಿ ಹಾಕದ ಬಾಟಲಿಯಾದರೆ ಕಲಸಿ ಎರಡು ಗಂಟೆಯೊಳಗೆ. ಹಿಂದಿನ ವಾರ ಎರಡು ದಿನ ಭೇದಿಯಾಗಿತ್ತಂತೆ, ಕಾರಣ ಇದೇ ಇರಬಹುದು.

ಚೆಲ್ಲುವುದು ತಪ್ಪಬೇಕಾದರೆ ಕಲಸುವುದನ್ನೇ ಕಡಿಮೆ ಮಾಡಬೇಕು. 90 ಕಲಸಿ, ಮೂರು ಮಟ್ಟ ಚಮಚ. ಪೂರ್ತಿ ಖಾಲಿ ಮಾಡಿ ಇನ್ನೂ ಬಾಯಿ ತೆರೆದರೆ 30 ಮತ್ತೆ ಕಲಸಿ. ಎರಡು ದಿನ ಸತತವಾಗಿ ಹೆಚ್ಚಿನ ಸಲ 90 ಖಾಲಿಯಾಗಿ ಕೇಳುತ್ತಿದ್ದರೆ ಆಗ 120 ಕಲಸಲು ಶುರುಮಾಡಿ.

ಬಾಟಲಿ ಕಂಡರೆ ಅಳುವುದೇಕೆ

ಸಮಸ್ಯೆಯ ತಿರುಳು ಇಲ್ಲಿದೆ. ಮಗು 70ಕ್ಕೆ ಸಾಕು ಎಂದದ್ದನ್ನು ಯಾರೂ ಕೇಳಲಿಲ್ಲ. ಮುಖ ತಿರುಗಿಸಿದರೆ ನಿಪ್ಪಲ್ ಹಿಂದೆಯೇ ಹೋಯಿತು, ತುಟಿ ಮುಚ್ಚಿದರೆ ಕೆನ್ನೆ ಒತ್ತಿದರು, ನಾಲಿಗೆಯಿಂದ ದೂಡಿದರೆ ಬಾಟಲಿ ಅಲ್ಲಾಡಿಸಿ ಮತ್ತೆ ತೂರಿಸಿದರು. ಸಾಲದ್ದಕ್ಕೆ ಬೇಗ ಇಳಿಯಲಿ ಎಂದು ಅಜ್ಜಿ ಸೂಜಿ ಕಾಯಿಸಿ ನಿಪ್ಪಲಿನ ತೂತು ದೊಡ್ಡದು ಮಾಡಿದ್ದರು. ಬಾಟಲಿ ತಲೆಕೆಳಗೆ ಹಿಡಿದು ನೋಡಿದರೆ ಹಾಲು ತೊಟ್ಟಿಕ್ಕುವುದಲ್ಲ, ನೂಲಿನಂತೆ ಸುರಿಯಿತು. ಮಲಗಿಸಿಕೊಂಡೇ ಕೊಡುತ್ತಿದ್ದರಿಂದ ಮಗುವಿಗೆ ಉಸಿರು ತೆಗೆದುಕೊಳ್ಳಲು ಪುರುಸೊತ್ತಿಲ್ಲ. ಕೆಮ್ಮು, ಬಾಯ ಮೂಲೆಯಿಂದ ಸೋರಿಕೆ, ಕೊನೆಗೆ ಕಕ್ಕುವುದು. ಕಕ್ಕಿದ್ದನ್ನು ನೋಡಿ "ಹೋದದ್ದೂ ಬಂತು" ಎಂದು ಇನ್ನೊಂದು ಬಾಟಲಿ. ಹತ್ತಾರು ದಿನ ಹೀಗಾದರೆ ಮಗುವಿಗೆ ಬಾಟಲಿಯೇ ಹೆದರಿಕೆಯ ವಸ್ತು. ನಿದ್ರೆಯಲ್ಲಿ ಮಾತ್ರ ಕುಡಿಯುವುದು ಏಕೆಂದರೆ ಆಗ ಬಾಟಲಿ ಗೊತ್ತಾಗುವುದಿಲ್ಲ, ಚೀಪುವ ಪ್ರತಿಕ್ರಿಯೆ ತಾನಾಗಿ ನಡೆಯುತ್ತದೆ.

ಎರಡು ತಿಂಗಳ ಮಗು ಮಾತಾಡದಿದ್ದರೂ ಹೇಳುತ್ತದೆ. ಹಸಿವಾದಾಗ ಕೈ ಬಾಯಿಗೆ ಒಯ್ಯುತ್ತದೆ, ತುಟಿ ಚಪ್ಪರಿಸುತ್ತದೆ, ಕೆನ್ನೆ ಮುಟ್ಟಿದ ಕಡೆ ಬಾಯಿ ತಿರುಗಿಸುತ್ತದೆ. ಅಳು ಬರುವುದು ಎಲ್ಲ ಆದ ಮೇಲೆ, ಅಳುವ ಮಗುವನ್ನು ಮೊದಲು ಸಮಾಧಾನ ಮಾಡಿ ಆಮೇಲೆ ಬಾಟಲಿ ಹಿಡಿಯಬೇಕು. ಹೊಟ್ಟೆ ತುಂಬಿದಾಗ ಚೀಪುವುದು ನಿಧಾನವಾಗುತ್ತದೆ, ಬಿಗಿದ ಮುಷ್ಟಿ ಸಡಿಲಾಗುತ್ತದೆ, ತುಟಿಯ ಹಿಡಿತ ಬಿಡುತ್ತದೆ, ಮುಖ ತಿರುಗಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು, ಬಾಟಲಿಯಲ್ಲಿ ಹತ್ತು ಮಿಲಿ ಉಳಿದಿದ್ದರೂ ಸರಿ, ಐವತ್ತು ಉಳಿದಿದ್ದರೂ ಸರಿ.

ಕೊಡುವ ರೀತಿಯನ್ನು ಅಲ್ಲೇ ಮಾಡಿಸಿ ತೋರಿಸಿದೆವು. ಹಳೆಯ ನಿಪ್ಪಲ್ ಎಸೆದು, ಎಳೆಯ ಮಕ್ಕಳ ನಿಧಾನ ಹರಿವಿನದ್ದು ಹಾಕಿಸಿದೆವು. ತಲೆಕೆಳಗೆ ಹಿಡಿದರೆ ಒಂದೊಂದೇ ತೊಟ್ಟು ಬೀಳಬೇಕು. ಮಗುವನ್ನು ತೊಡೆಯ ಮೇಲೆ ಅರ್ಧ ಕೂತಂತೆ ಹಿಡಿದು ತಲೆ ಕುತ್ತಿಗೆಗೆ ಆಧಾರ ಕೊಡಿ. ನಿಪ್ಪಲನ್ನು ತುಟಿಗೆ ತಾಗಿಸಿ ಕಾಯಿರಿ, ಮಗು ತಾನಾಗಿ ಬಾಯಿ ತೆರೆಯಲಿ. ಬಾಟಲಿ ಹೆಚ್ಚುಕಮ್ಮಿ ಅಡ್ಡಕ್ಕೆ ಇರಲಿ, ಆಗ ಮಗು ಎಳೆದಷ್ಟೇ ಬರುತ್ತದೆ. ಎರಡು-ಮೂರು ನಿಮಿಷಕ್ಕೊಮ್ಮೆ ಬಾಟಲಿಯನ್ನು ಕೆಳಕ್ಕೆ ಬಾಗಿಸಿ ಉಸಿರಾಡಲು ಬಿಡಿ, ನಡುವೆ ಒಮ್ಮೆ ಹೆಗಲ ಮೇಲೆ ಹಾಕಿ ತೇಗು ತರಿಸಿ. ಒಂದು ಸಲದ ಹಾಲಿಗೆ ಹದಿನೈದು-ಇಪ್ಪತ್ತು ನಿಮಿಷ ಹಿಡಿಯಬೇಕು. ಐದು ನಿಮಿಷದಲ್ಲಿ ಮುಗಿದರೆ ಹರಿವು ಜೋರು ಎಂದರ್ಥ, ಮುಕ್ಕಾಲು ಗಂಟೆ ಆದರೆ ಒತ್ತಾಯ ನಡೆಯುತ್ತಿದೆ ಅಥವಾ ತೂತು ಕಟ್ಟಿದೆ.

ನಿದ್ರೆಯಲ್ಲಿ ಕೊಡುವುದನ್ನು ಪೂರ್ತಿ ನಿಲ್ಲಿಸಲು ಹೇಳಿದಾಗ ಅಜ್ಜಿ ಒಪ್ಪಲಿಲ್ಲ. "ಹಾಗಾದರೆ ಉಪವಾಸ ಬೀಳ್ತದೆ." ಒತ್ತಾಯ ನಿಂತ ಮೊದಲ ಎರಡು-ಮೂರು ದಿನ ಅಳತೆ ನಿಜಕ್ಕೂ ಇಳಿಯುತ್ತದೆ, ಅದನ್ನು ಮುಚ್ಚಿಡದೆ ಹೇಳಿಬಿಡಬೇಕು. ಇಲ್ಲದಿದ್ದರೆ ಎರಡನೆಯ ದಿನಕ್ಕೇ ಹಳೆಯ ದಾರಿಗೆ ಬೀಳುತ್ತಾರೆ. ಒಂದು ಮಿತಿ ಗೊತ್ತು ಮಾಡಿದೆವು: ಬಾಟಲಿಯ ಒಟ್ಟು 400 ಮಿಲಿಗಿಂತ ಕೆಳಗೆ ಹೋದರೆ, ಇಲ್ಲವೇ ದಿನಕ್ಕೆ ಒದ್ದೆ ಬಟ್ಟೆ ಆರಕ್ಕಿಂತ ಕಡಿಮೆಯಾದರೆ ಆ ದಿನವೇ ಫೋನ್ ಮಾಡಬೇಕು. ಕೈಯಲ್ಲಿ ಅಂಥದೊಂದು ಮಿತಿ ಇದ್ದಾಗ ಅಜ್ಜಿಯೂ ತಣ್ಣಗಾದರು.

ವೈದ್ಯರಲ್ಲಿಗೆ ಕಾಯದೆ ಓಡಬೇಕಾದದ್ದು ಬೇರೆ: 38 ಡಿಗ್ರಿ ದಾಟಿದ ಜ್ವರ, ಆರೆಂಟು ಗಂಟೆ ಮೂತ್ರವೇ ಇಲ್ಲದಿರುವುದು, ಹಾಲಿಗೂ ಏಳದ ಮಂಪರು, ಹಸಿರು ವಾಂತಿ, ಪ್ರತಿ ಸಲವೂ ದೂರಕ್ಕೆ ಚಿಮ್ಮುವ ವಾಂತಿ, ಕುಡಿಯುವಾಗ ಬೆವರು ಇಲ್ಲವೆ ತುಟಿ ನೀಲಿಯಾಗುವುದು. ತೇಗಿನ ಜೊತೆ ಎರಡು ಚಮಚ ಕಕ್ಕುವುದು ಈ ಪಟ್ಟಿಯಲ್ಲಿಲ್ಲ. ಜಠರದ ಮೇಲಿನ ಬಾಗಿಲು ಎಳೆಯ ಮಕ್ಕಳಲ್ಲಿ ಇನ್ನೂ ಸಡಿಲ, ತೂಕ ಏರುತ್ತಿದ್ದರೆ ಅದು ಬಟ್ಟೆ ಒಗೆಯುವವರ ತೊಂದರೆ ಅಷ್ಟೆ.

ತಾಯಿಯೊಡನೆ ಬೇರೆಯಾಗಿ ಮಾತಾಡಿದೆವು. ಎದೆ ಮೆತ್ತಗಾಗಿದೆ, ಪಂಪ್ ಹಾಕಿದರೆ ಎರಡೂ ಕಡೆಯಿಂದ 40 ಮಿಲಿ, ಹಾಗಾಗಿ ಹಾಲು ಬತ್ತಿತು ಎಂದು ಅವಳು ತೀರ್ಮಾನಿಸಿದ್ದಳು. ಆರು ವಾರ ಕಳೆದ ಮೇಲೆ ಎದೆ ಮೆತ್ತಗಾಗುವುದು ಸಹಜ. ಪಂಪಿಗೆ ಬಂದದ್ದು ಮಗುವಿಗೆ ಬರುವುದರ ಅಳತೆಯೂ ಅಲ್ಲ, ಮಗು ಚೆನ್ನಾಗಿ ಚೀಪಿದರೆ ಪಂಪಿಗಿಂತ ಹೆಚ್ಚು ಎಳೆಯುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ಸಲ ಹಚ್ಚಬೇಕು, ಬೇರೆ ಮದ್ದಿಲ್ಲ. ಹಗಲಿನಲ್ಲೂ ಬಾಟಲಿಗೆ ಮೊದಲು ಎದೆಗೆ ಹಚ್ಚು, ಬಾಟಲಿಯನ್ನು ಒಮ್ಮೆಲೇ ಕಡಿಮೆ ಮಾಡಬೇಡ, ಮಗು ತಾನಾಗಿ ಬಿಟ್ಟಷ್ಟನ್ನು ಬಿಡಲಿ, ವಾರಕ್ಕೊಮ್ಮೆ ತೂಕ ನೋಡುವಾ ಎಂದೆವು. ಹಿಂಡಿ ತೆಗೆದ ಹಾಲನ್ನೂ ಹುಡಿಯ ಹಾಲನ್ನೂ ಒಳಲೆಯಲ್ಲಿ (ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಪಾತ್ರೆ) ಕೊಡಬಹುದು ಎಂದಾಗ ಅಜ್ಜಿ ನಕ್ಕರು, ಅಟ್ಟದಲ್ಲಿ ಒಂದು ಉಂಟಂತೆ, ಈ ಮಗುವಿನ ತಾಯಿಯೇ ಕುಡಿದದ್ದು. ಮೂಲೆ ಸಂದಿಗಳಿಲ್ಲದ ಒಳಲೆ ತೊಳೆಯಲು ಬಾಟಲಿಗಿಂತ ಎಷ್ಟೋ ಸುಲಭ. ಅಳತೆ ಬೇಕಿದ್ದರೆ ಮೊದಲು ಬಾಟಲಿಯಲ್ಲಿ ಅಳೆದು ಸುರಿದುಕೊಳ್ಳಬಹುದು.

ಇಲ್ಲಿ ಯಾವ ಕಂಪೆನಿಯ ಹೆಸರನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. 1992ರ ಕಾಯ್ದೆಯಂತೆ ಎಳೆಯ ಮಕ್ಕಳ ಹಾಲಿನ ಹುಡಿಗೂ ಬಾಟಲಿಗೂ ಪ್ರಚಾರ ಕೊಡುವಂತಿಲ್ಲ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಉತ್ತರ: ವೈದ್ಯರು ಹೇಳಿದ, ಈ ಪ್ರಾಯಕ್ಕೆಂದೇ ಇರುವ, ಅವಧಿ ಮುಗಿಯದ ಡಬ್ಬ.

ಗಂಡನಿಗೆ ಅಲ್ಲಿಂದಲೇ ವಿಡಿಯೊ ಕಾಲ್ ಮಾಡಿಸಿ ಲೆಕ್ಕ ತೋರಿಸಿದೆವು. ಆತ ದುಷ್ಟನೇನಲ್ಲ, ದೂರದಲ್ಲಿರುವವನಿಗೆ ಕೇಳಲು ಸಿಗುವುದು ಅಂಕಿ ಒಂದೇ. ಮಿಲಿ ಕೇಳುವ ಬದಲು ವಾರಕ್ಕೊಮ್ಮೆ ತೂಕ ಕೇಳಿ, ದಿನಾ ಕೇಳಲೇಬೇಕಾದರೆ ಎಷ್ಟು ಬಟ್ಟೆ ಒದ್ದೆಯಾಯಿತೆಂದು ಕೇಳಿ ಎಂದೆವು.

ಮೊದಲ ಮೂರು ದಿನ ಬಾಟಲಿಯ ಒಟ್ಟು 460, 430, 490. ಎರಡನೆಯ ದಿನ ಅಜ್ಜಿ ಫೋನ್ ಮಾಡಿದರು, ಒದ್ದೆ ಬಟ್ಟೆ ಏಳು ಎಂದಾಗ ಹಾಗೇ ಮುಂದುವರಿಸಲು ಹೇಳಿದೆವು. ಐದನೆಯ ದಿನದಿಂದ ಎಚ್ಚರದಲ್ಲೇ ಕುಡಿಯತೊಡಗಿತು. ಎರಡು ವಾರದ ಮೇಲೆ ಕುಟುಂಬ ಆರೋಗ್ಯ ಕೇಂದ್ರದ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿದಾಗ 4.75 ಕಿಲೊ, ದಿನಕ್ಕೆ 25 ಗ್ರಾಂ ಲೆಕ್ಕ. ಒಂದು ಸಲಕ್ಕೆ ಕುಡಿಯುವುದು ಈಗಲೂ 60ರಿಂದ 110. ಡಬ್ಬದ 150ನ್ನು ಮಗು ಒಮ್ಮೆಯೂ ಮುಟ್ಟಿಲ್ಲ. ಎದೆಹಾಲು ದಿನಕ್ಕೆ ಐದು ಸಲಕ್ಕೆ ಏರಿದೆ. ಮಲ ಮೆತ್ತಗಾಗಿದೆ.

ಈ ನಡುವೆ ಹತ್ತು ವಾರದ ಚುಚ್ಚುಮದ್ದಿನ ಮರುದಿನ ಒಟ್ಟು 410ಕ್ಕೆ ಇಳಿದಿತ್ತು. ಚುಚ್ಚುಮದ್ದಿನ ನಂತರ ಒಂದೆರಡು ದಿನ ಮಕ್ಕಳು ಕಡಿಮೆ ಕುಡಿಯುವುದುಂಟು, ಚಿಕ್ಕ ಚಿಕ್ಕದಾಗಿ ಹೆಚ್ಚು ಸಲ ಕೊಟ್ಟರೆ ಸಾಕು. ಹದಿನಾಲ್ಕು ವಾರದ ಚುಚ್ಚುಮದ್ದಿಗೂ ಇದೇ ಲೆಕ್ಕ ಇಟ್ಟುಕೊಂಡು ಬರಲು ಹೇಳಿದ್ದೇವೆ. ಅಂದಿನ ತೂಕ ನೋಡಿ 120 ಕಲಸುವುದೋ 90ರಲ್ಲೇ ಇರುವುದೋ ತೀರ್ಮಾನ.